ಶಿಗ್ಲಿಯ ಬೀಗರು

ಘಲ್ ಎಂದು ಒಮ್ಮೆ, ಆಮೇಲೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು, ಮತ್ತೆ ಘಲ್. ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕೇಳುವುದು ಈ ಸದ್ದು. ಎತ್ತಿನ ಗೆಜ್ಜೆಸರದಿಂದ ಬಿಚ್ಚಿದ ಒಂಟಿ ಗೆಜ್ಜೆ ಅದು. ಆದರೆ ಬರುತ್ತಿದ್ದದ್ದು ನಾಯಿಯ ಕೊರಳಿನಿಂದ. ಬೆಟಗೇರಿಯ ನಮ್ಮ ಓಣಿಯಲ್ಲಿ ಇನ್ನೂ ನಾಲ್ಕೈದು ಮನೆಗಳಲ್ಲಿ ಮಗ್ಗಗಳಿವೆ, ಬೆಳಗಿನಿಂದ ಸಂಜೆಯವರೆಗೆ ಅವುಗಳ ಖಟಖಟ ನಿಲ್ಲುವುದಿಲ್ಲ. ಆ ಗದ್ದಲದ ನಡುವೆಯೂ ಓಣಿಯ ತುದಿಯಲ್ಲಿ ಆ ಗೆಜ್ಜೆ ಒಮ್ಮೆ ಆಡಿದರೆ ಸಾಕು, ನಮ್ಮ ಪಡಸಾಲೆಯಲ್ಲಿ ಮಲಗಿದ್ದ ನಾಯಿ ಎದ್ದು ನಿಂತು ಮೈ ಝಾಡಿಸುತ್ತಿತ್ತು. ಅವನ ಕೊರಳಲ್ಲೂ ಅಂಥದೇ ಒಂದು ಗೆಜ್ಜೆ. ಒಂದೇ ಸರದ ಎರಡು.

"ಬಂದ್ರು ನೋಡ, ನಿನ್ನ ಬೀಗರು!" ಎಂದು ನಮ್ಮವರು ಒಳಗಿನಿಂದ ನನಗೆ ಕೂಗಿ ಹೇಳುತ್ತಿದ್ದರು.

ನಮ್ಮವರು ಎಂದರೆ ನನ್ನ ಯಜಮಾನರು. ಗದಗಿನಲ್ಲಿ ಅವರದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇತ್ತು. ಊರಿನ ಎಷ್ಟೋ ಮನೆಗಳ ಲಗ್ನಪತ್ರಿಕೆ ಅಲ್ಲಿ ಅಚ್ಚಾದವು. ನಮ್ಮ ಮನೆಯದೊಂದು ಅಚ್ಚಾಗುವ ಯೋಗ ಮಾತ್ರ ಬರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಮಕ್ಕಳಿಲ್ಲದವರಿಗೆ ಏನೇನು ಇರುವುದಿಲ್ಲ ಎಂದು ಜನ ಯೋಚಿಸುತ್ತಾರೋ ನನಗೆ ತಿಳಿಯದು. ನನಗೆ ಮಾತ್ರ ವಯಸ್ಸಾಗುತ್ತ ಅನ್ನಿಸುತ್ತಿದ್ದದ್ದು ಒಂದು ಚಿಕ್ಕ ಸಂಗತಿ: ನಮಗೆ ಬೀಗರು ಇಲ್ಲ. ಮದುವೆಮನೆಗಳಲ್ಲಿ ಹೆಂಗಸರು ಬೀಗತಿಯರ ಬಗ್ಗೆ ದೂರಿಕೊಳ್ಳುವಾಗ, ಸೀರೆ ಸರಿಯಿರಲಿಲ್ಲ, ಊಟಕ್ಕೆ ಎರಡು ಸಲ ಕರೆಯಲಿಲ್ಲ ಎಂದು ಮುನಿಸಿಕೊಳ್ಳುವಾಗ, ನಾನು ಪೊಲೈಟ್ ಆಗಿ ನಗುತ್ತಿದ್ದೆ.

ಹೀಗಿರುವಾಗ ಒಂದು ದಿನ ನಮ್ಮವರು ಮುಂಡರಗಿ ಕಡೆಯ ಕುರಿಗಾರರಿಂದ ಒಂದು ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ತಂದರು. ಮುಧೋಳದ ತಳಿಯ ಗಂಡು. ಕೆನೆಯ ಬಣ್ಣ, ಕಡ್ಡಿಯಂಥ ಕಾಲು, ಉದ್ದ ಮೂತಿ. ಕಾನ್ವೆಂಟಿನಲ್ಲಿ ಓದಿದ ಚಟದಿಂದ ನಾನು ಅವನಿಗೆ ಒಂದು ಇಂಗ್ಲಿಷ್ ಹೆಸರಿಟ್ಟೆ. ನಮ್ಮವರು ಅದನ್ನು ಒಂದು ದಿನವೂ ಬಳಸದೆ ಕಡೆತನಕ "ತಮ್ಮಾ" ಎಂದೇ ಕರೆದರು. ಅವನೂ ತಮ್ಮನಾಗಿಯೇ ಬೆಳೆದ.

ಶಿಗ್ಲಿಯವರು ನಮ್ಮವರ ಶಾಲೆಯ ಗೆಳೆಯರೊಬ್ಬರು. ಲಕ್ಷ್ಮೇಶ್ವರದ ಆಚೆ ಶಿಗ್ಲಿಯಲ್ಲಿ ಅವರ ಹೊಲ, ಮನೆ. ಶೇಂಗಾ, ಮೆಣಸಿನಕಾಯಿ ಮಾರಲು ಗದಗಿನ ಪೇಟೆಗೆ ಬಂದಾಗಲೆಲ್ಲ ನಮ್ಮಲ್ಲಿ ಊಟ. ಟಂಟಂ ಗಾಡಿಯಲ್ಲಿ ಚೀಲಗಳ ಮೇಲೆ ಅವರ ಹೆಣ್ಣುನಾಯಿ ರಾಣಿಯ ಹಾಗೆ ಕುಳಿತು ಬರುತ್ತಿತ್ತು. ಅದೂ ಮುಧೋಳದ್ದೇ. ಅವರ ಅಪ್ಪನ ಕಾಲದಿಂದ ತಾಯಿ, ಮಗಳು, ಮೊಮ್ಮಗಳು ಎಂದು ಅದೇ ಮನೆಯಲ್ಲಿ ಬಂದ ಸಂತತಿ. ಈಗ ಉಳಿದದ್ದು ಅದೊಂದೇ. ನನ್ನನ್ನು ಅವರು ಮೊದಲಿಗೆ "ಅಕ್ಕಾರ" ಎನ್ನುತ್ತಿದ್ದರು.

ಆ ಕರೆ ಬದಲಾದದ್ದು ಒಂದು ಶೀಗಿ ಹುಣ್ಣಿಮೆಯ ದಿನ. ಹೊಲಕ್ಕೆ ಚರಗ ಚೆಲ್ಲಲು ನಮ್ಮನ್ನೂ ಕರೆದಿದ್ದರು. ಬಸುರಿ ಭೂಮಿತಾಯಿಗೆ ಉಣಿಸುವುದೆಂದು ಅಡುಗೆಯನ್ನೆಲ್ಲ ಬೆಳೆಯ ಸಾಲುಗಳಿಗೆ ಚೆಲ್ಲಿ ಬಂದು, ಬನ್ನಿಗಿಡದ ನೆರಳಲ್ಲಿ ಎಲ್ಲರೂ ಉಂಡು ಕುಳಿತಿದ್ದೆವು. ಎರಡು ನಾಯಿಗಳೂ ಕಡುಬಿನ ಚೂರಿಗೆ ಜಗಳಾಡದೆ ತಿನ್ನುತ್ತಿದ್ದವು. ಶಿಗ್ಲಿಯವರು ಎಲೆಯಡಿಕೆಯ ಸಂಚಿ ತೆಗೆದರು.

"ಲೇ, ನಿಮ್ಮ ಹುಡುಗ ಬೆಳದ ನಿಂತಾನ. ನಮ್ಮ ಮಗಳೂ ಮನ್ಯಾಗ ಅದಾಳ. ಏನಂತಿ?"

ನಮ್ಮವರು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡರು. "ವರದಕ್ಷಿಣಿ ಏನ ಕೊಡತಿ ಮೊದಲ ಹೇಳು."

"ಹತ್ತ ರೊಟ್ಟಿ, ಒಂದ ಗಡಗಿ ಮಜ್ಜಿಗಿ."

"ಹುಡುಗ ಪ್ರೆಸ್ಸಿನ ಮಾಲಕನ ಮಗ ಲೇ! ಹತ್ತ ರೊಟ್ಟಿಗೆ ಯಾರ ಕೊಡತಾರ?"

"ಮತ್ತ ಮೊದಲನೇ ಮರಿ ಗಂಡಿನ ಮನಿಗೆ. ನೀವು ಆರಿಸಿಕೊಂಡದ್ದು."

ನಕ್ಕು ನಕ್ಕು ನಮ್ಮವರಿಗೆ ಕೆಮ್ಮು ಬಂತು. ಆದರೆ ಎಲೆಯಡಿಕೆ ಕೈ ಬದಲಾಯಿತು. ಶಿಗ್ಲಿಯವರು ಎತ್ತಿನ ಸರದಿಂದ ಎರಡು ಗೆಜ್ಜೆ ಬಿಚ್ಚಿ, ಒಂದನ್ನು ತಮ್ಮ ನಾಯಿಗೆ, ಒಂದನ್ನು ನಮ್ಮವನಿಗೆ ಕಟ್ಟಿದರು. ನಾನೂ ಸುಮ್ಮನಿರಲಿಲ್ಲ. ಚೀಲದಲ್ಲಿದ್ದ ಕುಪ್ಪಸದ ಹೊಸ ಖಣ ತೆಗೆದು ಹೆಣ್ಣಿನ ಬೆನ್ನ ಮೇಲೆ ಹೊದಿಸಿದೆ. "ಆತು ನೋಡ್ರಿ, ಇನ್ನ ನೀವು ಬೀಗತಿ," ಎಂದರು ಶಿಗ್ಲಿಯವರು. ಸಿಲ್ಲಿ ಓಲ್ಡ್ ಮೆನ್ ಎಂದು ನಾನು ತಲೆಯಾಡಿಸಿದೆ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಯಾರೋ ನನ್ನನ್ನು ಬೀಗತಿ ಎಂದಿದ್ದರು. ಮನೆಗೆ ಬಂದ ಮೇಲೂ ಆ ಮಾತು ಕಿವಿಯಲ್ಲಿ ಉಳಿದಿತ್ತು.

ಮುಂದಿನ ಬೇಸಗೆಯಲ್ಲಿ ನಮ್ಮವರು ತೀರಿಕೊಂಡರು. ಪ್ರೆಸ್ಸಿನಿಂದ ಬಂದು, ನೀರು ಕೇಳಿ, ನಾನು ತರುವುದರೊಳಗೆ.

ಅದಾಗಿ ಕೆಲವು ತಿಂಗಳಿಗೆ ಶಿಗ್ಲಿಯವರ ಫೋನ್ ಬಂತು. "ನಮ್ಮ ಹೆಣ್ಣ ಬೆದಿಗಿ ಬಂದೈತ್ರಿ ಬೀಗತಿ. ಆದ್ರ ಈ ಸಲ ಬ್ಯಾಡ. ಮನ್ಯಾಗ ಸಾವಾಗಿ ವರ್ಷ ತುಂಬಿಲ್ಲ."

"ನಾಯಿಗೂ ಸೂತಕ ಏನ್ರಿ?" ಎಂದು ನಗಲು ನೋಡಿದೆ.

"ನಾಯಿಗಿಲ್ರಿ, ನಮಗೈತಿ," ಎಂದರು.

ಹೀಗೆ ವರ್ಷದೊಳಗೆ ಎರಡು ಬೆದೆ ಹಾಗೇ ಕಳೆದವು. ಆ ಹೆಣ್ಣುನಾಯಿಗೆ ಆಗಲೇ ಆರು ತುಂಬಿತ್ತು. ಆ ವಯಸ್ಸಿನ ನಾಯಿಗೆ ಒಂದು ವರ್ಷವೆಂದರೆ ಏನೆಂದು ನನಗೆ ಆಗ ಹೊಳೆಯಲಿಲ್ಲ. ಅವರಿಗೆ ಖಂಡಿತ ಗೊತ್ತಿತ್ತು. ಗೆಳೆಯನ ಸಾವಿಗೆ ಅವರು ಕೊಟ್ಟ ಮರ್ಯಾದೆ ಅದು. ಅದರ ತೂಕವನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ವರ್ಷಾಂತಿಕ ಮುಗಿಯಿತು. ಮುಂದಿನ ಬೆದೆಗೆ ತಪ್ಪದೆ ಬರುತ್ತೇವೆಂದು ಶಿಗ್ಲಿಯವರು ಹೇಳಿ ಕಳಿಸಿದರು. ಏನೇ ಇದ್ದರೂ ಮೊದಲು ಮೆಡಿಕಲ್ ಸರ್ಟಿಫಿಕೇಟ್ ಆಗಬೇಕೆನ್ನುವ ಕಾನ್ವೆಂಟ್ ಬುದ್ಧಿ ನನ್ನದು. ತಮ್ಮನನ್ನು ಆಟೊದಲ್ಲಿ ಗದಗಿನ ಪಶು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೂವತ್ತರೊಳಗಿನ ಹೆಣ್ಣುಮಗಳು. ಹಲ್ಲು ನೋಡಿದಳು, ಎದೆ ಕೇಳಿದಳು, ಹಿಂಗಾಲುಗಳ ನಡುವೆ ಕೈ ಹಾಕಿ ಎರಡೆರಡು ಸಲ ಮುಟ್ಟಿ ನೋಡಿದಳು.

"ಅಮ್ಮಾರ, ಇವಂಗ ಒಂದ ಬೀಜ ಇಳದಿಲ್ಲ. ಹೊಟ್ಟ್ಯಾಗ ಉಳದೈತಿ. ಇಷ್ಟ ದಿನಾ ನೋಡಿಲ್ಲೇನ್ರಿ?"

ನೋಡಿರಲಿಲ್ಲ. ನಮ್ಮವರಿದ್ದಾಗ ಪ್ರತಿ ಭಾನುವಾರ ಅವರೇ ಅವನಿಗೆ ಸ್ನಾನ ಮಾಡಿಸುತ್ತಿದ್ದರು. ಆಮೇಲೆ ಆ ಕೆಲಸ ನನ್ನದಾಯಿತು. ಬೆನ್ನು, ಕಿವಿ, ಪಾದ ತಿಕ್ಕುತ್ತಿದ್ದೆ. ಉಳಿದ ಕಡೆ ಮುಖ ತಿರುಗಿಸಿ ನೀರು ಹೊಯ್ಯುತ್ತಿದ್ದೆ. ನಗಬೇಡಿ. ನಾನು ಓದಿದ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಬಯಾಲಜಿ ಪುಸ್ತಕದ ಒಂದು ಅಧ್ಯಾಯದ ಹಾಳೆಗಳಿಗೆ ಸಿಸ್ಟರ್ ಗುಂಡುಪಿನ್ನು ಚುಚ್ಚಿ ಮುಚ್ಚಿಬಿಡುತ್ತಿದ್ದರು. ಪಿನ್ನು ತೆಗೆದವರಿಗೆ ಪನಿಷ್‌ಮೆಂಟ್. ನಾನು ಗುಡ್ ಗರ್ಲ್. ಐವತ್ತೈದು ವರ್ಷ ಕಳೆದರೂ ಆ ಪಿನ್ನು ತೆಗೆದಿರಲಿಲ್ಲ.

"ಮರಿ ಆಗೂದಿಲ್ಲೇನಮ್ಮಾ?" ಎಂದು ಕೇಳಿದೆ.

"ಆಗತಾವ್ರಿ. ಇನ್ನೊಂದ ಸರಿ ಐತಿ. ಆದ್ರ ಇದು ರಕ್ತದಾಗ ಬರೋದು. ಹುಟ್ಟೋ ಗಂಡುಮರಿಗೂ ಬರಬಹುದು, ಹೆಣ್ಣುಮರಿ ಮುಂದಿನ ಪೀಳಿಗಿಗೆ ಒಯ್ಯಬಹುದು. ಇವನ್ನ ಬ್ರೀಡಿಂಗಿಗೆ ಬಿಡಬ್ಯಾಡ್ರಿ. ಮತ್ತ ಒಳಗ ಉಳದದ್ದು ಮುಂದ ಕ್ಯಾನ್ಸರ್ ಆಗೋ ಚಾನ್ಸ್ ಭಾಳ. ಎರಡೂ ತಗಸಿಬಿಡೋದು ಛಲೋ."

ಆಟೊದಲ್ಲಿ ವಾಪಸ್ ಬರುವಾಗ ತಮ್ಮ ನನ್ನ ತೊಡೆಯ ಮೇಲೆ ಮೂತಿ ಇಟ್ಟಿದ್ದ. ಗೆಜ್ಜೆ ಪ್ರತಿ ಗುಂಡಿಗೂ ಆಡುತ್ತಿತ್ತು.

ಆಪರೇಷನ್ ಮಾಡಿಸುವುದೋ ಬೇಡವೋ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡಲಿಲ್ಲ. ಮಾಡಿಸಲೇಬೇಕಿತ್ತು. ಕಾಡಿದ್ದು ಅದಕ್ಕಿಂತ ಸಣ್ಣದೂ ನಾಚಿಕೆಗೇಡಿನದೂ ಆದ ಇನ್ನೊಂದು ಯೋಚನೆ. ಒಂದು ಸಲ ಜೋಡಿ ಆಗಲಿ, ಆಮೇಲೆ ಆಪರೇಷನ್ ಮಾಡಿಸಿದರಾಯಿತು. ನಮ್ಮವರ ಮಾತು ಉಳಿಯುತ್ತದೆ. ಶಿಗ್ಲಿಯವರ ಸಂತತಿ ಮುಂದುವರಿಯುತ್ತದೆ. ನನ್ನ ಮನೆಗೊಂದು ಮರಿ ಬರುತ್ತದೆ. ಉಳಿದವು ಶಿಗ್ಲಿಯ ಸುತ್ತಲಿನ ಕುರಿಗಾರರ ಪಾಲಾಗುತ್ತವೆ, ಅಲ್ಲಿ ಯಾರು ಬಗ್ಗಿ ನೋಡುತ್ತಾರೆ? ಡಾಕ್ಟರು ಮತ್ತು ನಾನು ಬಿಟ್ಟರೆ ಯಾರಿಗೂ ತಿಳಿಯದು. ನಿಜ ಹೇಳಬೇಕೆಂದರೆ ಐದಾರು ದಿನ ನಾನು ಇದನ್ನೇ ಗಟ್ಟಿ ಮಾಡಿಕೊಂಡಿದ್ದೆ.

ಅದು ಸಡಿಲವಾದದ್ದು ಪ್ರೆಸ್ಸಿನ ನೆನಪಿನಿಂದ. ನಮ್ಮವರು ಪ್ರೂಫ್ ತಿದ್ದಲು ಕುಳಿತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಒಮ್ಮೆ ಒಂದು ಲಗ್ನಪತ್ರಿಕೆಯಲ್ಲಿ ಮದುಮಗಳ ಅಜ್ಜನ ಹೆಸರಿನ ಒಂದಕ್ಷರ ತಪ್ಪಿತ್ತು. ಪತ್ರಿಕೆ ಅಚ್ಚಾಗಿ ಒಣಗಿತ್ತು, ಮನೆಯವರು ಇರಲಿ ಬಿಡ್ರಿ ಎಂದರು. ಇವರು ಕಟ್ಟು ಕಟ್ಟಾಗಿ ಹಿತ್ತಲಲ್ಲಿ ಸುಟ್ಟು ಮತ್ತೆ ಅಚ್ಚು ಹಾಕಿದರು. "ಒಂದ ಮನ್ಯಾಗಿನ ತಪ್ಪ ನಾನ ಯಾಕ ಊರಿಗೆಲ್ಲಾ ಹಂಚಲಿ?" ಎಂದಿದ್ದರು, ಬೂದಿ ಕೆದರುತ್ತ.

ಅಷ್ಟು ಹದ್ದುಗಣ್ಣಿನ ಮನುಷ್ಯ ಪ್ರತಿ ಭಾನುವಾರ ಆ ನಾಯಿಯ ಮೈ ತೊಳೆದಿದ್ದರು. ಅವರಿಗೆ ಇದು ಕಾಣಲಿಲ್ಲವೇ? ಕಂಡಿತ್ತು, ಮುಂದೆ ಇಳಿಯುತ್ತದೆ ಎಂದುಕೊಂಡರೇ? ಅಥವಾ ಬೀಗರಾಗುವ ಆಸೆಗೆ ಒಂದು ತಪ್ಪನ್ನು ತಿದ್ದದೆ ಬಿಟ್ಟರೇ? ನನಗೆ ಇವತ್ತಿಗೂ ಗೊತ್ತಿಲ್ಲ.

ಇಷ್ಟಾದರೂ ಶಿಗ್ಲಿಯವರು ಫೋನ್ ಮಾಡಿ, "ಸೋಮವಾರ ಬರ್ತೀವ್ರಿ ಬೀಗತಿ, ಹೆಣ್ಣ ತಯಾರ ಐತಿ," ಎಂದಾಗ ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದು ಇಂಗ್ಲಿಷಿನ ಒಂದು ವಾಕ್ಯ. ಅವರಿಗೆ ಅರ್ಥವಾಗುವ ಮಾತನ್ನು ಒಬ್ಬ ಗಂಡಸಿನ ಮುಂದೆ ಆಡುವ ಧೈರ್ಯ ಬರಲಿಲ್ಲ. "ಬರ್ರಿ," ಎಂದೆ.

ಸೋಮವಾರ ಹತ್ತರ ಹೊತ್ತಿಗೆ ಓಣಿಯ ತುದಿಯಲ್ಲಿ ಗೆಜ್ಜೆ ಕೇಳಿತು. ತಮ್ಮನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದೆ. ಅವನು ಬಾಗಿಲಿಗೆ ಮೈ ತಿಕ್ಕತೊಡಗಿದ. ಟಂಟಂನಿಂದ ಶಿಗ್ಲಿಯವರು ಇಳಿದರು. ತೊಳೆದ ಧೋತರ, ತಲೆಗೆ ಹೊಸ ಪಟಗ. ಒಂದು ಕೈಯಲ್ಲಿ ಮಾದಲಿಯ ಡಬ್ಬಿ. ಗೋದಿ, ಬೆಲ್ಲದ ಆ ಸಿಹಿಯನ್ನು ನಮ್ಮಲ್ಲಿ ಮದುವೆ ಮುಂಜಿಗೆ ಮಾಡುತ್ತಾರೆ. ಬಗಲಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಕಟಕರೊಟ್ಟಿ, ಎಣಿಸದೆಯೇ ಹತ್ತೆಂದು ತಿಳಿದೆ. ಹೆಣ್ಣುನಾಯಿಗೆ ನೀರೆರೆದು, ಹಣೆಗೆ ಒಂದು ಬೊಟ್ಟು ಅರಿಷಿಣ ಹಚ್ಚಿದ್ದರು.

"ಸೊಸಿ ಕೊಟ್ಟಾಳ್ರಿ. ಬೀಗರ ಮನಿಗೆ ಬರಿಗೈಲೆ ಹೋಗಬ್ಯಾಡ್ರಿ ಮಾವಾರ ಅಂದ್ಲು. ಎಲ್ಲಿ ಅದಾನ್ರಿ ನಮ್ಮ ಅಳಿಯ?"

"ತಡೀರಿ. ಒಂದ ಮಾತ ಹೇಳಬೇಕು."

"ಆಮ್ಯಾಲ ಹೇಳ್ರಿ. ಅಳಿಯ ಬಾಗಲಾ ಮುರದಾನ!" ಎಂದು ನಕ್ಕರು.

"ಇಲ್ರಿ, ಈಗ ಹೇಳಬೇಕು." ನಾನು ಕಣ್ಣು ಮುಚ್ಚಿಕೊಂಡೆನೇನೋ. "ತಮ್ಮನ್ನ ಡಾಕ್ಟರಿಗೆ ತೋರಿಸಿದ್ದೆ. ಅವಂಗ ಒಂದ ಬೀಜ ಇಳದಿಲ್ಲ. ಹೊಟ್ಟ್ಯಾಗ ಉಳದೈತಿ. ಹುಟ್ಟೋ ಮರಿಗೂ ಹಂಗ ಆಗಬಹುದು ಅಂದ್ರು. ಜೋಡಿ ಮಾಡಬ್ಯಾಡ್ರಿ, ಆಪರೇಷನ್ ಮಾಡಸ್ರಿ ಅಂದ್ರು."

ಶಿಗ್ಲಿಯವರು ನಿಧಾನಕ್ಕೆ ಕಟ್ಟೆಯ ಮೇಲೆ ಕುಳಿತರು. ಹೆಣ್ಣುನಾಯಿ ಅವರ ಕಾಲ ಬಳಿ ಕುಳಿತಿತು.

"ಯಾವಾಗ ತಿಳೀತ್ರಿ ನಿಮಗ?"

"ಎಂಟ ದಿನ ಆತು."

"ಅಂದ್ರ ಮೊನ್ನೆ ನಾ ಫೋನ್ ಮಾಡಿದಾಗ ಗೊತ್ತಿತ್ತು."

"ಗೊತ್ತಿತ್ತು."

ಅವರು ಬಗ್ಗಿ ಹೆಬ್ಬೆರಳಿನಿಂದ ನಾಯಿಯ ಹಣೆಯ ಅರಿಷಿಣ ಒರೆಸಿದರು. "ಹೇಳಿದ್ರ ಇದಕ್ಕ ಅರಿಷಿಣ ಹಚ್ಚಿ ತರ್ತಿದ್ದಿಲ್ರಿ," ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅರ್ಧ ಹೇಳಿ ಅರ್ಧ ಮುಚ್ಚಿಡಲು ನನ್ನಿಂದ ಆಗಲಿಲ್ಲ. "ಹೇಳೋದ ಬ್ಯಾಡ ಅಂತನೂ ಮಾಡಿದ್ದೆ. ಜೋಡಿ ಆಗಲಿ, ಆಮ್ಯಾಲ ಆಪರೇಷನ್ ಮಾಡಸಿದ್ರ ನಿಮಗೇನ ತಿಳೀತೈತಿ ಅಂತ. ನಮ್ಮವರ ಮಾತ ಉಳೀಲಿ ಅಂತ."

"ನನಗ ತಿಳೀತಿದ್ದಿಲ್ಲ ಬಿಡ್ರಿ," ಎಂದರು. ನಾಯಿಯ ಕಿವಿ ಸವರುತ್ತ, "ಮರಿಗೋಳಿಗೆ ತಿಳೀತಿತ್ತು," ಎಂದರು.

ಪಕ್ಕದ ಮನೆಯ ಮಗ್ಗ ನಡೆದೇ ಇತ್ತು. ಒಳಗೆ ತಮ್ಮ ಒಂದೇ ಸಮನೆ ಗೆಜ್ಜೆ ಆಡಿಸುತ್ತಿದ್ದ. ಹೊರಗಿನ ಗೆಜ್ಜೆ ಅದಕ್ಕೆ ಉತ್ತರ ಕೊಡಲು ಏಳುತ್ತಿತ್ತು. ಶಿಗ್ಲಿಯವರು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರು.

"ಎತ್ತಿನ ಬೀಜಾ ಒಡಿಸಿ ಉಳುಮಿ ಮಾಡಿ ಉಂಡ ಮಂದಿ ನಾವು. ನಾಯಿದಂದ್ರ ಯಾಕ ಅಂಜಬೇಕು?" ಎಂದರು, ನನಗೋ ತಮಗೋ. "ಸಣ್ಣಾಂವಿದ್ದಾಗ ಅಪ್ಪ ನನ್ನ ಕೈಲೆ ಹೋರಿ ಮೂತಿ ಹಿಡಿಸತಿದ್ದ. ಅವರು ಹಿಂದ ಒಡಿಯೂವಾಗ ನಾ ಮುಂದ ಹಿಡಕೊಂಡ ಕುಂಡ್ರಬೇಕು. ಕಣ್ಣ ಮುಚ್ಚಿದ್ರ ಬೈತಿದ್ದ. ಅದರ ಕಣ್ಣಾಗ ನೋಡಲೇ, ನೀ ಅದೀ ಅನ್ನೋದು ಅದಕ್ಕ ಗೊತ್ತಾಗಬೇಕು ಅಂತಿದ್ದ." ಆಮೇಲೆ ನನ್ನ ಕಡೆ ತಿರುಗಿ, "ಆಪರೇಷನ್ ದಿನ ಯಾವದಂತ ಹೇಳ್ರಿ. ನಾ ಬರ್ತೀನಿ. ನಿಮ್ಮ ಕೈಲೆ ಹಿಡಿಯಾಕ ಆಗೂದಿಲ್ಲ," ಎಂದರು.

ಏಳುವ ಮುಂಚೆ ಅವರೇ ಡಬ್ಬಿಯ ಮುಚ್ಚಳ ತೆಗೆದರು. "ತಿನ್ರಿ. ಬೀಗರು ತಿಂದ್ರೇನು ಅಂತ ಸೊಸಿ ಕೇಳತಾಳ. ಆಕಿಗೆ ನಾ ಸುಳ್ಳ ಹೇಳೂದಿಲ್ಲ." ಬಟ್ಟಲಲ್ಲಿ ಹಾಕಿ, ತುಪ್ಪ ಹಾಲು ತಂದು, ಇಬ್ಬರೂ ಎದುರುಬದುರು ಕುಳಿತು ತಿಂದೆವು. ಮದುವೆಯಾಗದ ಮದುವೆಯ ಊಟ. ಎರಡನೆಯ ಸಲ ಹಾಕಲು ಹೋದಾಗ ಅವರು ಬೇಡವೆನ್ನಲಿಲ್ಲ.

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂಡರಗಿ ಕಡೆಯ ಬೇರೊಂದು ಗಂಡಿಗೆ ಅವರು ಆ ಹೆಣ್ಣನ್ನು ತೋರಿಸಿದರಂತೆ. ಅದು ಗಬ್ಬ ಕಟ್ಟಲಿಲ್ಲ. ವಯಸ್ಸು ಮೀರಿತ್ತು. ನನ್ನ ಮನೆಯ ವರ್ಷ ತುಂಬಲಿ ಎಂದು ಅವರು ಕಾಯದೆ ಇದ್ದಿದ್ದರೆ ಹೊಸ ಗಂಡು ಹುಡುಕಲು ಸಮಯವಿರುತ್ತಿತ್ತು ಎಂಬ ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಮುಂದಿನ ಶೀಗಿ ಹುಣ್ಣಿಮೆಗೆ ಮುಂಚೆಯೇ ಶಿಗ್ಲಿಯವರೂ ಹೋದರು. ಸೊಸೆ ಫೋನ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಆಪರೇಷನ್ನಿನ ದಿನ.

ಹೇಳಿದ ಹೊತ್ತಿಗಿಂತ ಮುಂಚೆ ದವಾಖಾನೆಯ ಗೇಟಿನ ಬಳಿ ನಿಂತಿದ್ದರು. ಹೆಣ್ಣುನಾಯಿಯನ್ನು ತಂದಿರಲಿಲ್ಲ. ಪಟಗ ಹಳೆಯದು. ಡಾಕ್ಟರು ಕೊರಳಿನದನ್ನು ಬಿಚ್ಚಿ ಎಂದಳು. ತಾವೇ ಹಾಕಿದ ಗಂಟನ್ನು ಅವರು ಉಗುರಿನಿಂದ ಬಿಡಿಸಿ, ಗೆಜ್ಜೆಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಆಮೇಲೆ ತಮ್ಮನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಮುಖ ತಂದರು. "ನೋಡಲೇ ತಮ್ಮಾ, ನನ್ನ ಕಡೆ ನೋಡ. ಏನಿಲ್ಲ. ನಾ ಅದೀನಿ." ಸೂಜಿ ಚುಚ್ಚಿದಾಗ ಅವನು ಒದರಲಿಲ್ಲ. ಕಣ್ಣು ಮಂಜಾಗುವವರೆಗೆ ಅವರನ್ನೇ ನೋಡುತ್ತಿದ್ದ.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ಎಲ್ಲ ಸುಸೂತ್ರವಾಯಿತೆಂದು ಡಾಕ್ಟರು ಬಂದು ಹೇಳಿದಾಗ ಅವರು ಎದ್ದು ನಿಂತರು. ಗೆಜ್ಜೆ ಇನ್ನೂ ನನ್ನ ಮುಷ್ಟಿಯಲ್ಲಿತ್ತು, ಬೆವರಿಗೆ ಒದ್ದೆಯಾಗಿ. ನಿಶ್ಚಯ ಮುರಿದರೆ ಹೆಣ್ಣಿನ ಮನೆಯವರು ಇಟ್ಟದ್ದನ್ನು ಗಂಡಿನ ಮನೆಯವರು ಅವರು ಕೇಳುವವರೆಗೆ ಕಾಯದೆ ಹಿಂದಿರುಗಿಸಬೇಕು. ಅಷ್ಟು ರೀತಿ ನನಗೂ ಗೊತ್ತು. ಕೈ ಚಾಚಿದೆ.

ಅವರು ಅದನ್ನೇ ನೋಡಿದರು. "ಹೊಲಿಗಿ ಮಾಯೂತನಕ ಕೊರಳಿಗೆ ಏನೂ ಕಟ್ಟಬ್ಯಾಡ ಅಂದಾರಲ್ರಿ," ಎಂದರು, ಕಾರಣ ಅದೊಂದೇ ಎನ್ನುವ ಹಾಗೆ. ತೆಗೆದುಕೊಂಡು ಅಂಗಿಯ ಬಗಲಕಿಸೆಯಲ್ಲಿ ಹಾಕಿಕೊಂಡರು. ನಾನು ಕೊಟ್ಟ ಖಣದ ಮಾತು ಎತ್ತಲಿಲ್ಲ.

ಲಕ್ಷ್ಮೇಶ್ವರದ ಬಸ್ಸು ದೂರದಲ್ಲಿ ಕಂಡಿತು. ಅವರು ಕೈಮುಗಿದರು.

"ಬರ್ತೀನ್ರಿ, ಅಕ್ಕಾರ," ಎಂದರು.

ರಸ್ತೆ ದಾಟಿ, ಒಂದು ಕೈ ಕಂಬಿಗೆ ಕೊಟ್ಟು ಮೆಟ್ಟಿಲು ಹತ್ತಿದರು. ಪ್ರತಿ ಹೆಜ್ಜೆಗೂ ಕಿಸೆಯೊಳಗೆ ಆ ಗೆಜ್ಜೆ ಅರಿವೆಯಲ್ಲಿ ಸುತ್ತಿದ ಹಾಗೆ ಮಂದವಾಗಿ ಆಡುತ್ತಿತ್ತು. ಬಸ್ಸಿನ ಬಾಗಿಲು ಮುಚ್ಚುವವರೆಗೂ ನನಗೆ ಅದು ಕೇಳಿಸಿತು.